ನಮ್ಮ ಧ್ವನಿ: ಬೂದಿಕೋಟೆಯ ಸಮುದಾಯ ಬಾನುಲಿ

ಕೋಲಾರ ಜಿಲ್ಲೆಯ ಬೂದಿಕೋಟೆಯನ್ನು ಹೈದರಾಲಿಯ ಹುಟ್ಟೂರೆಂದಷ್ಟೇ ಓದಿಕೊಂಡರೆ ಸಾಲದು. 2000ರ ದಶಕದ ಆರಂಭದಲ್ಲಿ ಮೈರಾಡ, ವಾಯ್ಸಸ್ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ಇಲ್ಲಿ ‘ನಮ್ಮ ಧ್ವನಿ’ ಕಟ್ಟಿದವು. ವಾಯುತರಂಗ ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದ್ದರೂ ಹಳ್ಳಿಯ ಸಂಘಗಳಿಗೆ ಪ್ರಸಾರದ ಪರವಾನಗಿ ಸಿಗುತ್ತಿರಲಿಲ್ಲ. ಹಾಗಾಗಿ ಕಾರ್ಯಕ್ರಮಗಳು ಟಿವಿ ಕೇಬಲ್‌ ಮೂಲಕವೇ ಮನೆ ಸೇರಿದವು. ತಂತಿ ಎಳೆದಷ್ಟೇ ವ್ಯಾಪ್ತಿ. ನಿಜಕ್ಕೂ ಮೆಚ್ಚಬೇಕಾದ ಉಪಾಯ. ಸಮುದಾಯ ಬಾನುಲಿ ಕುರಿತ 2002ರ ಸರ್ಕಾರಿ ನೀತಿ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಅವಕಾಶ ಕೊಟ್ಟಿತು. ಸ್ವಯಂಸೇವಾ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರಲ್ಲಿ.

ಅಲೆಗಳ ವ್ಯಾಪ್ತಿ: 2006ರ ಮಾರ್ಗಸೂಚಿಯಂತೆ ಸಮುದಾಯ ಬಾನುಲಿಯ ವಿಕಿರಣ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್, ಆಂಟೆನಾ ಎತ್ತರ ಗರಿಷ್ಠ 30 ಮೀಟರ್, ತಲುಪುವ ದೂರ ಸುಮಾರು 5ರಿಂದ 10 ಕಿ.ಮೀ. ಅದು ಬಳಸುವ ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ನಡುವೆ ಗುಡ್ಡ ಬಂದರೆ ಆಚೆ ಬದಿಯ ಊರಿಗೆ ದನಿ ಕ್ಷೀಣಿಸುತ್ತದೆ.