ಡ್ರೋನ್ ಪಾಠದೊಳಗಿನ ಎಕರೆ ಲೆಕ್ಕ

ಡ್ರೋನ್ ಪೈಲಟ್ ಸರ್ಟಿಫಿಕೇಟಿಗೆ ಸರ್ಕಾರದ ಶುಲ್ಕ 100 ರೂಪಾಯಿ. ಒಮ್ಮೆ ಸಿಕ್ಕರೆ 10 ವರ್ಷ ನಡೆಯುತ್ತದೆ. ವಯಸ್ಸು 18ರಿಂದ 65ರೊಳಗಿದ್ದು, ಹತ್ತನೇ ತರಗತಿ ಪಾಸಾಗಿದ್ದರೆ ಸಾಕು. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ಇಷ್ಟರ ಮಟ್ಟಿಗೆ ಉದಾರವಾಗಿವೆ. ದುಡ್ಡು ಹೋಗುವುದು ತರಬೇತಿಗೆ. ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎಯಿಂದ ಮಾನ್ಯತೆ ಪಡೆದ ಕಡೆ ಕಲಿತು, ಅಲ್ಲಿಯೇ ಪರೀಕ್ಷೆ ಪಾಸಾಗಬೇಕು. ನಾನು ವಿಚಾರಿಸಿದ ಕೇಂದ್ರಗಳು 35 ಸಾವಿರದಿಂದ 65 ಸಾವಿರ ರೂಪಾಯಿವರೆಗೆ ಹೇಳಿದವು. ಊಟ, ವಸತಿ ಕೆಲವು ಕಡೆ ಸೇರಿತ್ತು, ಕೆಲವು ಕಡೆ ಇರಲಿಲ್ಲ.

ಮನೆಯಲ್ಲೇ ಓದಿಕೊಂಡು ನೇರವಾಗಿ ಪರೀಕ್ಷೆಗೆ ಕೂರುವ ದಾರಿ ನಮ್ಮ ದೇಶದಲ್ಲಿ ಇಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಯೂಟ್ಯೂಬಿನಲ್ಲಿ ‘ಡ್ರೋನ್ ಲೈಸೆನ್ಸ್ ಪರೀಕ್ಷೆ’ ಎಂದು ಹುಡುಕಿದರೆ ಸಿಗುವ ವಿಡಿಯೋಗಳಲ್ಲಿ ಬಹಳಷ್ಟು ಅಮೆರಿಕದವು. ಅಲ್ಲಿಯದು 60 ಪ್ರಶ್ನೆಗಳ ಬರಹದ ಪರೀಕ್ಷೆ, ಶುಲ್ಕ 175 ಡಾಲರ್, ಹಾರಿಸಿ ತೋರಿಸುವ ಗೋಜಿಲ್ಲ. ಆ ಪರೀಕ್ಷೆಗೆ ಬೇಕಾದ ನಕ್ಷೆ ಓದುವ ವಿದ್ಯೆಯನ್ನು ದುಡ್ಡು ಕೊಟ್ಟು ಆನ್‌ಲೈನ್‌ನಲ್ಲಿ ಕಲಿತು, ಇಲ್ಲಿ ಬಂದು ಮತ್ತೆ ಪೂರ್ತಿ ಫೀಸು ಕಟ್ಟಿದ ಹುಡುಗರನ್ನು ನಾನು ನೋಡಿದ್ದೇನೆ. ಪಾಸ್‌ಪೋರ್ಟ್ ವಿಷಯವೂ ಹಾಗೆಯೇ. ಮೊದಲು ಅದು ಬೇಕೇಬೇಕಿತ್ತು. 2023ರ ಸೆಪ್ಟೆಂಬರ್ ತಿದ್ದುಪಡಿಯ ನಂತರ ವೋಟರ್ ಕಾರ್ಡು, ರೇಷನ್ ಕಾರ್ಡು, ಡ್ರೈವಿಂಗ್ ಲೈಸೆನ್ಸ್ ನಡೆಯುತ್ತವೆ. ‘ಪಾಸ್‌ಪೋರ್ಟ್ ಮಾಡಿಸಿಕೊಡುತ್ತೇವೆ, ಇಷ್ಟು ಕೊಡಿ’ ಎನ್ನುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ.

ಸಿಂಧನೂರಿನಲ್ಲಿ ನಮ್ಮದು ಗೊಬ್ಬರ, ಕೀಟನಾಶಕದ ಅಂಗಡಿ. ಭತ್ತದ ಹಂಗಾಮಿನಲ್ಲಿ ಎಣ್ಣಿ (ನಮ್ಮ ಕಡೆ ಬೆಳೆಯ ಔಷಧಕ್ಕೆ ಹೀಗೆನ್ನುತ್ತಾರೆ) ಹೊಡೆಯುವ ಆಳುಗಳಿಗಾಗಿ ರೈತರು ಪಡುವ ಪಾಡನ್ನು ವರ್ಷಗಟ್ಟಲೆ ಕೌಂಟರಿನಾಚೆ ನಿಂತು ಕೇಳಿದ್ದೇನೆ. ಕ್ಯಾಂಪಿನ, ಅಂದರೆ ನಾಲೆ ಸೀಮೆಯ ರೈತರ ವಸತಿಯ, ಹಿರಿಯರೊಬ್ಬರು ಒಂದು ದಿನ, “ಅಕ್ಕಾರ, ಎಣ್ಣಿ ಕೊಡ್ತೀರಿ, ಹೊಡಿಯೋರನ್ನೂ ನೀವ ಕೊಡ್ರಿ” ಅಂದರು. ಆ ಮಾತು ತಲೆಯೊಳಗೆ ಉಳಿಯಿತು. ಕೈಪಂಪಿನಲ್ಲಿ ಎಕರೆಗೆ 150ರಿಂದ 200 ಲೀಟರ್ ನೀರು ಬೇಕು, ಹೆಗಲ ಮೇಲೆ ಟ್ಯಾಂಕು ಹೊತ್ತು ಕೆಸರಲ್ಲಿ ನಡೆಯಬೇಕು. ಡ್ರೋನಿಗೆ ಸುಮಾರು 10 ಲೀಟರ್ ಸಾಕು, ಕೆಲಸ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ವಿಷ ಮೈಮೇಲೆ ಬೀಳುವುದು ತಪ್ಪುತ್ತದೆ. ಇದು ಬರಬೇಕಾದ ಯಂತ್ರ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಫೀಸಿನ ಹಣವನ್ನು ಅಂಚೆ ಕಚೇರಿಯ ಆರ್‌ಡಿ ಮುಗಿಯುವ ತನಕ ಕಾದು ಕಟ್ಟಿದೆ. ಬಂಗಾರದ ಮೇಲೆ ಸಾಲ ತೆಗೆಯುವುದು ಸುಲಭವಿತ್ತು, ತೆಗೆಯಲಿಲ್ಲ. ಸರ್ಟಿಫಿಕೇಟು ತಾನಾಗಿ ದುಡಿಯುವ ಆಸ್ತಿಯಲ್ಲ; ಯಂತ್ರ ಕೈಗೆ ಬಂದು ಹಂಗಾಮು ಶುರುವಾಗುವ ತನಕ ಅದರಿಂದ ಬಿಡಿಗಾಸೂ ಹುಟ್ಟುವುದಿಲ್ಲ. ಹಾಗಿರುವಾಗ ಅದಕ್ಕಾಗಿ ಬಡ್ಡಿ ಓಡಿಸುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ‘ನೂರಕ್ಕೆ ನೂರು ಕೆಲಸ ಗ್ಯಾರಂಟಿ’ ಎಂದ ಕೇಂದ್ರವೊಂದಕ್ಕೆ, ಯಾವ ಊರಲ್ಲಿ, ತಿಂಗಳಿಗೆ ಎಷ್ಟು, ಬರಹದಲ್ಲಿ ಕೊಡಿ ಎಂದು ಕೇಳಿದೆ. ಆಮೇಲೆ ಅವರ ಫೋನು ಬರಲಿಲ್ಲ. ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ಡಿಜಿಸಿಎ ಜಾಲತಾಣದಲ್ಲೇ ಇದೆ. ಅದರಲ್ಲಿ ಹೆಸರಿಲ್ಲದ ಕಡೆ ಕಲಿತರೆ ಗೋಡೆಗೆ ಹಾಕುವ ಕಾಗದ ಸಿಗಬಹುದು, ಪೈಲಟ್ ಸರ್ಟಿಫಿಕೇಟ್ ಸಿಗುವುದಿಲ್ಲ.

ಓದಲು ಕುಳಿತಾಗ ಒಂದು ವಿಷಯ ಬಹಳ ಬೇಗ ಹೊಳೆಯಿತು. ಪರೀಕ್ಷೆಗೆ ಇಟ್ಟಿರುವ ಪಾಠಗಳೆಲ್ಲ, ತೂಕ, ಬ್ಯಾಟರಿ, ಹವಾಮಾನ, ವಾಯುಪ್ರದೇಶ, ನಮ್ಮ ಮುಂದಿನ ವ್ಯಾಪಾರದ ಖರ್ಚಿನ ಪುಸ್ತಕವೇ. ನೋಟುಬುಕ್ಕಿನ ಎಡಗಡೆ ಪುಟದಲ್ಲಿ ಪಾಠ, ಬಲಗಡೆ ಪುಟದಲ್ಲಿ ಅದರಿಂದ ನನಗೆ ಬೀಳುವ ರೂಪಾಯಿ ಲೆಕ್ಕ ಬರೆಯುತ್ತ ಹೋದೆ.

ತೂಕದ ಪಾಠ ತೆಗೆದುಕೊಳ್ಳಿ. 250 ಗ್ರಾಂವರೆಗೆ ನ್ಯಾನೋ, 2 ಕಿಲೋವರೆಗೆ ಮೈಕ್ರೋ, 25 ಕಿಲೋವರೆಗೆ ಸ್ಮಾಲ್, 150 ಕಿಲೋವರೆಗೆ ಮೀಡಿಯಂ, ಅದರಾಚೆ ಲಾರ್ಜ್. ಬಾಯಿಪಾಠ ಮಾಡಿದರೆ ಒಂದು ಅಂಕ ಸಿಗಬಹುದು. ಆದರೆ ಈ ತೂಕ ಹೊತ್ತ ಸಾಮಾನನ್ನೂ ಸೇರಿಸಿದ್ದು. ಟ್ಯಾಂಕಿನೊಳಗಿನ ಎಣ್ಣಿಯೂ ಅದರಲ್ಲಿ ಬಂತು. 10 ಲೀಟರಿನ ಅನೇಕ ಯಂತ್ರಗಳು 25 ಕಿಲೋ ಗೆರೆಯ ಒಳಗೆ ನಿಲ್ಲುವಂತೆ ತಯಾರಾಗಿವೆ. ‘ದೊಡ್ಡ ಟ್ಯಾಂಕು ಇರಲಿ, ಕೆಲಸ ಬೇಗ ಆಗುತ್ತದೆ’ ಎಂದು ಅದಕ್ಕಿಂತ ಭಾರದ್ದು ಕೊಂಡರೆ ಅದು ಮೀಡಿಯಂ ವರ್ಗ. ಸ್ಮಾಲ್ ವರ್ಗದ ಸರ್ಟಿಫಿಕೇಟು ಅದಕ್ಕೆ ಆಗುವುದಿಲ್ಲ, ಮತ್ತೊಂದು ತರಬೇತಿ, ಮತ್ತೊಂದು ಫೀಸು. ಹಾಗಾಗಿ ಯಂತ್ರ ಯಾವುದೆಂದು ನಿಶ್ಚಯಿಸಿ ಆಮೇಲೆ ಕೋರ್ಸು ಆರಿಸಿಕೊಳ್ಳಬೇಕು. ಮದುವೆ ವಿಡಿಯೋ ಮಾಡುವ ತಮ್ಮಂದಿರಿಗೂ ಇದೇ ಪಾಠದಲ್ಲಿ ಉತ್ತರವಿದೆ: ನ್ಯಾನೋ ಹಾರಿಸಲು ಈ ಸರ್ಟಿಫಿಕೇಟು ಬೇಡ, ಮೈಕ್ರೋ ಇಟ್ಟುಕೊಂಡು ದುಡಿಯುವುದಾದರೆ ಬೇಕು.

ಬ್ಯಾಟರಿ ಪಾಠವನ್ನು ಹುಡುಗರು ಬೇಗ ಮುಗಿಸಿಬಿಡುತ್ತಾರೆ. ನಾನು ಹೆಚ್ಚು ಹೊತ್ತು ಕೂತಿದ್ದೇ ಅದರ ಮುಂದೆ. ಲಿಥಿಯಂ ಪಾಲಿಮರ್ ಸೆಲ್ ಒಂದಕ್ಕೆ ತುಂಬಿದಾಗ 4.2 ವೋಲ್ಟ್, ಎತ್ತಿಡುವಾಗ ಸುಮಾರು 3.8ಕ್ಕೆ ಇಳಿಸಿ ಇಡಬೇಕು. ಪೂರ್ತಿ ಚಾರ್ಜ್ ಮಾಡಿ ವಾರಗಟ್ಟಲೆ ಬಿಟ್ಟರೆ ಊದಿಕೊಳ್ಳುತ್ತದೆ. ಹೊಲದಿಂದ ಬಂದ ಬಿಸಿ ಬ್ಯಾಟರಿಯನ್ನು ಆರಲು ಬಿಡದೆ ಚಾರ್ಜಿಗೆ ಹಾಕಿದರೆ ಆಯುಷ್ಯ ಕಡಿಮೆಯಾಗುತ್ತದೆ. ನನಗೆ ಹೇಳಿದ ದರದಲ್ಲಿ ಒಂದು ಜೋಡಿಗೆ 36 ಸಾವಿರ. ಚೆನ್ನಾಗಿ ನೋಡಿಕೊಂಡರೆ 300 ಸಲ ಹಾರಿಸಬಹುದು ಎಂದಿಟ್ಟುಕೊಳ್ಳಿ, ಒಂದು ಹಾರಾಟಕ್ಕೆ ಒಂದು ಎಕರೆ. ಅಂದರೆ ಎಕರೆಗೆ 120 ರೂಪಾಯಿ ಬ್ಯಾಟರಿಯೊಳಗೇ ಕರಗಿ ಹೋಗುತ್ತದೆ. ಈ ಖರ್ಚು ಕಣ್ಣಿಗೆ ಕಾಣುವುದಿಲ್ಲ, ಯಾರೂ ಬಿಲ್ ಕೊಡುವುದಿಲ್ಲ. ಎರಡನೇ ಹಂಗಾಮಿನಲ್ಲಿ ಹೊಸ ಜೋಡಿಗೆ ದುಡ್ಡಿಲ್ಲದೆ ಯಂತ್ರ ಮೂಲೆ ಸೇರುವುದು ಇದರಿಂದಲೇ. ದಿನದ ಗಳಿಕೆಯಲ್ಲಿ ಮೊದಲು ಬ್ಯಾಟರಿಯ ಪಾಲು ಬೇರೆ ಡಬ್ಬಿಗೆ ಹಾಕಿ, ಆಮೇಲೆ ಮನೆಗೆ ಒಯ್ಯಿರಿ.

ಹವಾಮಾನ ಹೇಳಿಕೊಟ್ಟದ್ದು ಹಿಂದಿ, ಇಂಗ್ಲಿಷ್ ಬೆರೆಸಿ. ಸ್ವಸಹಾಯ ಸಂಘದಿಂದ ಬಂದ ಹೆಣ್ಣುಮಕ್ಕಳು ನಮ್ಮ ತಂಡದಲ್ಲಿದ್ದರು. ಗಾಳಿಗೆ ಔಷಧ ತೇಲಿ ಹೋಗುವುದನ್ನು ಸರ್ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ವಿವರಿಸುತ್ತಿದ್ದಾಗ, ಮಸ್ಕಿ ಕಡೆಯ ಒಬ್ಬಾಕೆ ಎದ್ದು ನಿಂತು, “ಪಕ್ಕದ ಹೊಲದಾಗ ಹತ್ತಿ ಇತ್ತಂದ್ರ ಜಗಳ ಆಗ್ತದರೀ ಸರ್” ಅಂದಳು. ಸರ್‌ಗೆ ಅರ್ಥವಾಗಲಿಲ್ಲ. ಎಣ್ಣಿ ಮಾರುವ ನನಗೆ ಚೆನ್ನಾಗಿ ಅರ್ಥವಾಯಿತು. ಭತ್ತದ ಕಳೆಗೆ ಹೊಡೆಯುವ 2,4-ಡಿ ಒಂದಿಷ್ಟು ತೇಲಿ ಹತ್ತಿಯ ಮೇಲೆ ಬಿದ್ದರೂ ಎಲೆ ಮುರುಟಿಕೊಳ್ಳುತ್ತದೆ, ಪರಿಹಾರ ಕೊಡುವವರು ನಾವು. ಇಡೀ ತರಗತಿಯಲ್ಲಿ ಆ ಪಾಠ ಅವಳಷ್ಟು ಸರಿಯಾಗಿ ತಿಳಿದವರು ಇರಲಿಲ್ಲ. ಅದೇ ಅವಳು ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಮಾದರಿ ನೋಡಿ ಕೈ ತಣ್ಣಗಾಗಿ ಕೂತಿದ್ದಳು. ರಾತ್ರಿ ನಾವು ನಾಲ್ಕೈದು ಜನ ಸೇರಿ ನನ್ನ ಕನ್ನಡದ ಟಿಪ್ಪಣಿ ಇಟ್ಟುಕೊಂಡು ಓದಿದೆವು. ಹೊಲ ಬಲ್ಲವರು ಭಾಷೆಯ ಕಾರಣಕ್ಕೆ ಈ ಕೆಲಸದಿಂದ ಹೊರಗುಳಿಯಬಾರದು. ಪಾಠ, ಪರೀಕ್ಷೆ ಎರಡೂ ಕನ್ನಡದಲ್ಲಿ ಸಿಗಬೇಕು. ಫೀಸು ಕಟ್ಟುವ ಮೊದಲೇ ಕೇಂದ್ರದವರನ್ನು ಈ ಬಗ್ಗೆ ಕೇಳಿ, ಹತ್ತು ಜನ ಕೇಳಿದರೆ ಕೊಡುತ್ತಾರೆ.

ಅದೇ ಗಾಳಿಯ ಪಾಠ ದಿನಕ್ಕೆ ಎಷ್ಟು ಎಕರೆ ಎಂಬುದನ್ನೂ ತೀರ್ಮಾನಿಸುತ್ತದೆ. ಮಾರುವವರ ಲೆಕ್ಕದಲ್ಲಿ ಗಂಟೆಗೆ ಆರು ಎಕರೆ, ದಿನಕ್ಕೆ ಐವತ್ತು. ಹೊಲದಲ್ಲಿ ಹಾಗಾಗುವುದಿಲ್ಲ. ಬೆಳಿಗ್ಗೆ ಹತ್ತರ ಮೇಲೆ ಗಾಳಿ ಎದ್ದರೆ ನಿಲ್ಲಿಸಬೇಕು, ಮತ್ತೆ ಶುರುವಾಗುವುದು ಸಂಜೆ ನಾಲ್ಕಕ್ಕೆ. ಬೇಸಿಗೆ ಭತ್ತಕ್ಕಾದರೆ ರಾಯಚೂರು ಸೀಮೆಯ ಬಿಸಿಲಿಗೆ ಗಾಳಿ ತೆಳುವಾಗಿ ಯಂತ್ರ ಎತ್ತಲು ಹೆಚ್ಚು ಶಕ್ತಿ ತಿನ್ನುತ್ತದೆ. ನಡುವೆ ನೀರು ತುಂಬುವುದು, ಬ್ಯಾಟರಿ ಬದಲಿಸುವುದು, ಬದುವಿನಿಂದ ಬದುವಿಗೆ ಸಾಗಿಸುವುದು. ನನ್ನ ಅಂದಾಜು ದಿನಕ್ಕೆ 18 ಎಕರೆ. ನಮ್ಮ ಕಡೆ ಎಕರೆಗೆ 450 ರೂಪಾಯಿಯಂತೆ 8,100. ಬ್ಯಾಟರಿಗೆ 2,160, ಸಹಾಯಕನಿಗೆ 800, ಗಾಡಿ ಮತ್ತು ಜನರೇಟರ್ ಎಣ್ಣೆಗೆ 1,100 ಕಳೆದರೆ ಉಳಿಯುವುದು 4 ಸಾವಿರದ ಆಸುಪಾಸು. ವರ್ಷಕ್ಕೆ 80 ದಿನ ಕೆಲಸ ಸಿಕ್ಕರೆ 3 ಲಕ್ಷ 20 ಸಾವಿರ. ಯಂತ್ರಕ್ಕೆಂದು ಐದು ಲಕ್ಷ ಸಾಲ ಮಾಡಿದ್ದರೆ ಐದು ವರ್ಷದ ಕಂತು, ಶೇ 10 ಬಡ್ಡಿಯಲ್ಲಿ, ವರ್ಷಕ್ಕೆ 1 ಲಕ್ಷ 27 ಸಾವಿರ. ವಿಮೆ, ರಿಪೇರಿ, ರೆಕ್ಕೆಗಳಿಗೆ 50 ಸಾವಿರ ಇಡಿ. ಕೈಗೆ ಬರುವುದು ಒಂದೂವರೆ ಲಕ್ಷದೊಳಗೆ. ನಾಲೆಗೆ ನೀರು ಬಾರದೆ ಎರಡನೇ ಬೆಳೆ ಹೋದ ವರ್ಷ ಇದೂ ಇಲ್ಲ, ಕಂತು ಮಾತ್ರ ನಿಲ್ಲುವುದಿಲ್ಲ.

ಹಾಗೆಂದು ಬೇಡ ಎನ್ನುತ್ತಿಲ್ಲ. ಸಾಲ ಸಣ್ಣದಾದರೆ ಈ ಲೆಕ್ಕ ಬದಲಾಗುತ್ತದೆ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಣ್ಣ, ಅತಿಸಣ್ಣ ರೈತರಿಗೆ, ಪರಿಶಿಷ್ಟರಿಗೆ, ಮಹಿಳೆಯರಿಗೆ ಅರ್ಧ ಬೆಲೆ, ಗರಿಷ್ಠ 5 ಲಕ್ಷದವರೆಗೆ ಸಹಾಯಧನವಿದೆ. ಉಳಿದ ರೈತರಿಗೆ ಶೇ 40, ಗರಿಷ್ಠ 4 ಲಕ್ಷ. 2023ರಲ್ಲಿ ಒಪ್ಪಿಗೆ ಪಡೆದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಮಹಿಳಾ ಸಂಘಗಳಿಗೆ ಶೇ 80, ಗರಿಷ್ಠ 8 ಲಕ್ಷ. ಸಂಘದ ಸದಸ್ಯೆಗೆ 15 ದಿನಗಳ ತರಬೇತಿಯೂ ಅದರಲ್ಲೇ ಸೇರಿದೆ. ಸಂಘದಲ್ಲಿದ್ದವರು ಸ್ವಂತ ದುಡ್ಡಿನಲ್ಲಿ ಕೋರ್ಸು ಸೇರುವ ಮೊದಲು ಇದನ್ನು ವಿಚಾರಿಸಲೇಬೇಕು. 2025ರ ಸೆಪ್ಟೆಂಬರ್ 22ರಿಂದ ಡ್ರೋನ್‌ಗಳಿಗೆಲ್ಲ ಜಿಎಸ್‌ಟಿ ಶೇ 5 ಎಂಬುದನ್ನೂ ನೆನಪಿಡಿ, ಹಳೇ ಕೊಟೇಶನ್ ಹಿಡಿದು ಬಂದವರಿಗೆ ತೋರಿಸಿ.

ಹಾರಿಸುವ ಪರೀಕ್ಷೆಗೆ ಬೇಕಾದದ್ದು ಬೆರಳಿನ ಅಭ್ಯಾಸ. ಯಂತ್ರದ ಬೆನ್ನು ನಮ್ಮ ಕಡೆ ಇರುವವರೆಗೆ ಎಲ್ಲ ಸಲೀಸು. ಮೂತಿ ನಮ್ಮತ್ತ ತಿರುಗಿದ ಕ್ಷಣ ಎಡ ಬಲ ಅದಲು ಬದಲು: ಬಲಕ್ಕೆ ಕಡ್ಡಿ ತಳ್ಳಿದರೆ ಅದು ನಮ್ಮ ಎಡಕ್ಕೆ ಹೋಗುತ್ತದೆ. ಅಂಥದ್ದರಲ್ಲಿ ಜಿಪಿಎಸ್ ಆಫ್ ಮಾಡಿ ಎರಡು ಕೋನ್‌ಗಳ ಸುತ್ತ ಇಂಗ್ಲಿಷಿನ ಎಂಟರ ಆಕಾರದಲ್ಲಿ ತಿರುಗಿಸು ಎನ್ನುತ್ತಾರೆ. ಗಾಳಿ ತಳ್ಳುತ್ತದೆ, ಹಿಡಿದು ನಿಲ್ಲಿಸಲು ಉಪಗ್ರಹವಿಲ್ಲ, ಹೆಬ್ಬೆರಳು ಕೂದಲೆಳೆಯಷ್ಟು ಸರಿದರೂ ಯಂತ್ರ ಎರಡು ಮಾರು ಜಾರುತ್ತದೆ. ಇದಕ್ಕೆ ಅಗ್ಗದ ಉಪಾಯ ಮನೆಯಲ್ಲಿ ಸಿಮ್ಯುಲೇಟರ್. ಕೆಲವು ಸಾವಿರ ರೂಪಾಯಿಗೆ ಲ್ಯಾಪ್‌ಟಾಪಿಗೆ ಜೋಡಿಸುವ ಕಂಟ್ರೋಲರ್ ಸಿಗುತ್ತದೆ. ಮಕ್ಕಳು ಮಲಗಿದ ಮೇಲೆ ನಾನು ಕೂತು ತಿರುಗಿಸಿದ್ದೇ ಅದರಲ್ಲಿ. ತೆರೆಯ ಮೇಲೆ ಎಷ್ಟು ಸಲ ಬಿದ್ದರೂ ಒಂದು ರೆಕ್ಕೆಯ ಖರ್ಚೂ ಇಲ್ಲ. ಕೇಂದ್ರದಲ್ಲಿ ಸಿಗುವ ಹಾರಾಟದ ನಿಮಿಷಗಳು ಬಹಳ ದುಬಾರಿ. ಕೈ ಕುದುರಿಸಿಕೊಂಡು ಹೋದವರಿಗೆ ಮಾತ್ರ ಅವುಗಳ ಪೂರ್ತಿ ಲಾಭ.

ನಿಯಮಗಳ ಪಾಠ ಹೆಚ್ಚು ಹೇಳಬೇಕಾದ್ದಲ್ಲ. ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದಿಂದ 8 ಮತ್ತು 12 ಕಿಲೋಮೀಟರ್ ನಡುವೆ ಅದು 200 ಅಡಿ. ಶಿವಮೊಗ್ಗದಲ್ಲಿ 2023ರಲ್ಲಿ ನಿಲ್ದಾಣ ಶುರುವಾದ ಮೇಲೆ ಸುತ್ತಲಿನ ತೋಟ, ಕಲ್ಯಾಣಮಂಟಪಗಳ ಲೆಕ್ಕವೇ ಬೇರೆಯಾಗಿದೆ. ನಿಯಮ ಮುರಿದರೆ ದಂಡ 1 ಲಕ್ಷದವರೆಗೆ ಹೋಗಬಹುದು. ನ್ಯಾನೋ ಬಿಟ್ಟು ಉಳಿದದ್ದಕ್ಕೆ ಮೂರನೆಯವರ ವಿಮೆ ಕಡ್ಡಾಯ. 2022ರ ಫೆಬ್ರುವರಿಯಿಂದ ವಿದೇಶಿ ಡ್ರೋನ್ ಆಮದಿಗೆ ನಿಷೇಧವಿದೆ. ಕಳ್ಳದಾರಿಯಲ್ಲಿ ಬಂದ ಯಂತ್ರ ಅಗ್ಗ ಎಂದು ಕೊಂಡರೆ ನೋಂದಣಿ ಸಂಖ್ಯೆ ಸಿಗದೆ ಹಾಕಿದ ದುಡ್ಡೆಲ್ಲ ಹೋಗುತ್ತದೆ.

ಪಾಸಾದ ಮೇಲೆ ನಾನು ಯಂತ್ರ ಕೊಳ್ಳಲಿಲ್ಲ. ಒಂದು ಹಂಗಾಮು ಬೇರೆಯವರ ಡ್ರೋನನ್ನು ಎಕರೆಗೆ 60 ರೂಪಾಯಿ ಕಮಿಷನ್‌ಗೆ ಹಾರಿಸಿದೆ. ದಿನಕ್ಕೆ 18 ಎಕರೆ ಎಂಬ ಅಂದಾಜು ಕೆಲವು ದಿನ 12ಕ್ಕೆ ಇಳಿದದ್ದು, ರೈತರು ದುಡ್ಡು ಕೊಡುವುದು ಭತ್ತ ಮಾರಿದ ಮೇಲೆ ಎಂಬುದು, ಎರಡನ್ನೂ ಆಗ ಕಂಡೆ. ಮೊದಲನೆಯದಕ್ಕೆ, ಯಂತ್ರಕ್ಕೆ ಮಾಡಬೇಕೆಂದಿದ್ದ ಸಾಲದ ಮೊತ್ತ ಇಳಿಸಿಕೊಂಡೆ, ಎರಡನೆಯದಕ್ಕೆ ಮೂರು ಕಂತಿನಷ್ಟು ಹಣ ಉಳಿತಾಯ ಖಾತೆಯಲ್ಲಿ ಕೂಡಿಟ್ಟೆ. ಸಹಾಯಧನದ ಅರ್ಜಿ ಈಗ ಕೃಷಿ ಇಲಾಖೆಯಲ್ಲಿದೆ.

ಅಂಗಡಿಗೆ ಬಂದು, “ಅಕ್ಕಾರ, ನಾನೂ ಡ್ರೋನ್ ಕೋರ್ಸ್ ಮಾಡ್ಲೇನ್ರಿ?” ಎಂದು ಕೇಳುವ ಹುಡುಗರಿಗೆ ನಾನು ಒಂದು ಹಾಳೆ ಕೊಡುತ್ತೇನೆ. ಬೈಕಿನಲ್ಲಿ ಅರ್ಧ ಗಂಟೆಯೊಳಗೆ ಮುಟ್ಟುವ ಊರು, ಕ್ಯಾಂಪುಗಳ ಹೆಸರು ಬರೆಯಲಿ. ಒಂದೊಂದರ ಮುಂದೆ ಭತ್ತ ಎಷ್ಟು ಎಕರೆ, ಹತ್ತಿ ಎಷ್ಟು, ವರ್ಷಕ್ಕೆ ಎಷ್ಟು ಸಲ ಎಣ್ಣಿ ಹೊಡೆಯುತ್ತಾರೆ, ಈಗಾಗಲೇ ಎಷ್ಟು ಡ್ರೋನ್ ಓಡುತ್ತಿವೆ ಎಂದು ತಾನೇ ಹೋಗಿ ಕೇಳಿ ತುಂಬಲಿ. 80 ದಿನಕ್ಕೆ ಸಾಲುವಷ್ಟು ಎಕರೆ ಆ ಹಾಳೆಯಲ್ಲಿ ಕಂಡರೆ ಫೀಸು ಕಟ್ಟಲಿ, ಓದಲು ನನ್ನ ನೋಟುಬುಕ್ಕನ್ನೂ ಕೊಡುತ್ತೇನೆ. ಕಾಣದಿದ್ದರೆ ಆ ಫೀಸಿನ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಡಲಿ, ಮುಂದಿನ ವರ್ಷ ಹಾಳೆಯನ್ನು ಮತ್ತೆ ತುಂಬಿಕೊಂಡು ಬರಲಿ.