ಅಂಗಾಲಿನ ಮುಂಭಾಗ ನೋಯುತ್ತಿದೆಯೇ? ಮೊದಲು ನಿಮ್ಮ ಚಪ್ಪಲಿಯನ್ನು ನೋಡಿ

ಬೆಳಗ್ಗೆ ಎದ್ದು ಕಾಲೂರಿದ ಕೂಡಲೇ ಹಿಮ್ಮಡಿ ನೋಯುವುದು ಒಂದು ಬಗೆಯ ನೋವು. ಹೊತ್ತು ಏರಿದಂತೆ, ನಿಂತಷ್ಟೂ ನಡೆದಷ್ಟೂ ಕಾಲ್ಬೆರಳುಗಳ ಬುಡದಲ್ಲಿ ಉರಿಯುವುದು, ಚಪ್ಪಲಿಯೊಳಗೆ ಹರಳು ಸೇರಿಕೊಂಡಂತೆ ಚುಚ್ಚುವುದು ಇನ್ನೊಂದು ಬಗೆ. ಈ ತಿಂಗಳು ಎರಡನೆಯದರ ಬಗ್ಗೆ ತಿಳಿದುಕೊಳ್ಳೋಣ. ತಂಬ್ರಹಳ್ಳಿ ಮತ್ತು ಸುತ್ತಲಿನ ಹಳ್ಳಿಗಳಿಂದ ಬರುವ ಅನೇಕರು ಇದನ್ನು ‘ವಾಯು’ ಎಂದೋ ‘ವಯಸ್ಸಾಯಿತು’ ಎಂದೋ ಹೇಳಿ ನೋವಿನ ಮಾತ್ರೆ ಕೇಳುತ್ತಾರೆ. ಅವರಲ್ಲಿ ಹಲವರಿಗೆ ಮಾತ್ರೆಗಿಂತ ಮೊದಲು ಬೇಕಾಗಿರುವುದು ಬೇರೆ ಚಪ್ಪಲಿ.

ನೋವು ಏಕೆ ಬರುತ್ತದೆ?

ನಮ್ಮ ಒಂದೊಂದು ಪಾದದಲ್ಲಿ 26 ಮೂಳೆಗಳಿವೆ. ಅವುಗಳಲ್ಲಿ ಐದು ಉದ್ದನೆಯ ಮೂಳೆಗಳು ಪಾದದ ನಡುವಿನಿಂದ ಹೊರಟು ಬೆರಳುಗಳ ಬುಡದಲ್ಲಿ ಕೊನೆಗೊಳ್ಳುತ್ತವೆ. ಹೆಜ್ಜೆ ಇಡುವಾಗ ಹಿಮ್ಮಡಿ ನೆಲ ಬಿಟ್ಟ ಕ್ಷಣದಲ್ಲಿ ಮೈಯ ಭಾರವೆಲ್ಲ ಈ ಐದು ಮೂಳೆಗಳ ತುದಿಯ ಮೇಲೆ ಬೀಳುತ್ತದೆ. ಅವುಗಳ ಕೆಳಗೆ ಅಲ್ಲಾಹನು ಕೊಬ್ಬಿನ ಮೆತ್ತೆಯನ್ನು ಇರಿಸಿದ್ದಾನೆ. ವಯಸ್ಸಾದಂತೆ ಆ ಮೆತ್ತೆ ತೆಳುವಾಗುತ್ತದೆ. ಮೇಲಿನ ಭಾರ ಹೆಚ್ಚಾಗಿ, ಕೆಳಗಿನ ಚಪ್ಪಲಿ ಸವೆದು ಗಟ್ಟಿಯಾದರೆ ನಡುವೆ ಸಿಕ್ಕ ಕೀಲುಗಳು ಊದಿಕೊಂಡು ನೋಯುತ್ತವೆ. ಬೂಟಿನ ಮುಂಭಾಗ ಇಕ್ಕಟ್ಟಾಗಿದ್ದರೆ ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ನಡುವಿನ ನರ ಹಿಸುಕಿದಂತಾಗಿ ಉರಿ, ಜುಮುಗುಡುವಿಕೆ ಬರುವುದೂ ಉಂಟು. ಬೂಟು ಬಿಚ್ಚಿ ಪಾದ ನೀವಿಕೊಂಡರೆ ಅದು ಇಳಿಯುತ್ತದೆ.

ನಮ್ಮ ಕಡೆ ಇದು ಹೆಚ್ಚು ಕಾಡುವುದು ಯಾರನ್ನು? ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಳೆ ತೆಗೆಯುವವರನ್ನು. ಪಾದದ ಮುಂಭಾಗದಿಂದ ಹೊಲಿಗೆ ಯಂತ್ರ ತುಳಿಯುವ ಹೆಣ್ಣುಮಕ್ಕಳನ್ನು. ಗ್ಯಾರೇಜು, ಅಂಗಡಿಗಳಲ್ಲಿ ದಿನವಿಡೀ ನಿಲ್ಲುವವರನ್ನು. ಮೈತೂಕ ಏರಿದವರನ್ನು, ಎತ್ತರದ ಹಿಮ್ಮಡಿಯ ಚಪ್ಪಲಿ ಮೆಟ್ಟುವವರನ್ನು. ಹಿಮ್ಮಡಿ ಎತ್ತರವಾದಷ್ಟೂ ಭಾರ ಮುಂದಕ್ಕೆ ಜಾರುತ್ತದೆ ಎಂಬುದನ್ನು ನೆನಪಿಡಿ.

ಯುನಾನಿ ವೈದ್ಯದಲ್ಲಿ ಚಿಕಿತ್ಸೆಯ ಮೊದಲ ಮೆಟ್ಟಿಲು ‘ಇಝಾಲಾ-ಎ-ಸಬಬ್’, ಅಂದರೆ ಕಾರಣವನ್ನು ತೆಗೆದುಹಾಕುವುದು. ಕಾರಣ ಕಾಲಡಿಯಲ್ಲೇ ಇರುವಾಗ ಮೇಲೆ ಎಷ್ಟು ಎಣ್ಣೆ ಹಚ್ಚಿದರೂ ನೋವು ಮರುದಿನ ತಿರುಗಿ ಬರುತ್ತದೆ.

ಮನೆಯ ಚಪ್ಪಲಿಗಳ ಪರೀಕ್ಷೆ

ಇಂದೇ ಬಾಗಿಲ ಬಳಿ ಇರುವ ಚಪ್ಪಲಿ, ಬೂಟುಗಳನ್ನೆಲ್ಲ ಒಂದೊಂದಾಗಿ ಕೈಗೆತ್ತಿಕೊಂಡು ನೋಡಿ.

1. ಅಟ್ಟೆಯ ಮುಂಭಾಗವನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತಿ. ಎರಡೂ ಬೆರಳು ಒಂದಕ್ಕೊಂದು ತಾಗಿದಂತಾದರೆ ಅದರ ಆಯುಸ್ಸು ಮುಗಿದಿದೆ.
2. ಎರಡೂ ತುದಿ ಹಿಡಿದು ಬಾಗಿಸಿ. ಬೆರಳುಗಳ ಬುಡ ಬರುವ ಕಡೆ ಮಾತ್ರ ತುಸು ಬಾಗಬೇಕು. ನಟ್ಟನಡುವೆ ಮಡಚಿಕೊಂಡರೆ ಅದು ಪಾದಕ್ಕೆ ಆಸರೆ ಕೊಡಲಾರದು.
3. ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ. ಸುಲಭವಾಗಿ ತಿರುಚಿಕೊಂಡರೆ ಅಂಥದ್ದು ಬೇಡ.
4. ಕಾಗದದ ಮೇಲೆ ನಿಂತು ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಸಿಕೊಳ್ಳಿ. ಆ ಗೆರೆಯ ಮೇಲೆ ಬೂಟನ್ನು ಇಡಿ. ಗೆರೆ ಹೊರಗೆ ಕಂಡರೆ ನಿಮ್ಮ ಬೆರಳುಗಳು ಇಷ್ಟು ದಿನ ಇಕ್ಕಟ್ಟಿನಲ್ಲಿದ್ದವು ಎಂದೇ ಅರ್ಥ.

ಹೊಸದನ್ನು ಕೊಳ್ಳುವಾಗ

ಸಂಜೆಯ ಹೊತ್ತು ಕೊಳ್ಳಿ. ದಿನವಿಡೀ ದುಡಿದ ಪಾದ ಆಗ ಸ್ವಲ್ಪ ಊದಿರುತ್ತದೆ. ಎರಡೂ ಕಾಲಿಗೆ ಹಾಕಿ, ನಿಂತು, ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆದು ನೋಡಿ. ಒಂದು ಪಾದ ಇನ್ನೊಂದಕ್ಕಿಂತ ದೊಡ್ಡದಿರುವುದು ಸಹಜ. ದೊಡ್ಡ ಪಾದಕ್ಕೆ ಹೊಂದುವ ಅಳತೆಯನ್ನೇ ಆರಿಸಿ. ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಒಂದು ಸೆಂಟಿಮೀಟರಿನಷ್ಟು ಜಾಗ ಉಳಿಯಬೇಕು. ಬೆರಳುಗಳನ್ನು ಒಳಗೆ ಅಗಲಿಸಲು ಆಗಬೇಕು. ಹಿಮ್ಮಡಿಯ ಎತ್ತರ ಒಂದು ಅಂಗುಲ, ಅಂದರೆ 2.5 ಸೆಂಟಿಮೀಟರ್ ಮೀರಬಾರದು. ಅಟ್ಟೆ ಮೇಲೆ ಮೆತ್ತಗೆ, ಕೆಳಗೆ ಗಟ್ಟಿಯಾಗಿ ಇರಬೇಕು. ಬರೀ ಮೆತ್ತಗಿದ್ದರೆ ಕೆಲವೇ ವಾರಗಳಲ್ಲಿ ಚಪ್ಪಟೆಯಾಗುತ್ತದೆ.

ಹಿಂಬದಿಗೆ ಪಟ್ಟಿ ಇರುವುದನ್ನೇ ಕೊಳ್ಳಿ. ಪಟ್ಟಿ ಇಲ್ಲದ ಹವಾಯಿ ಚಪ್ಪಲಿ ಜಾರದಂತೆ ನಾವು ತಿಳಿಯದೆಯೇ ಬೆರಳುಗಳನ್ನು ಮಡಚಿ ಹಿಡಿಯುತ್ತೇವೆ. ಆಗ ಬೆರಳುಗಳ ಬುಡದ ಮೂಳೆಗಳು ಕೆಳಕ್ಕೆ ಒತ್ತಿಕೊಳ್ಳುತ್ತವೆ. ಬಚ್ಚಲಿಗೆ ಹೋಗಿ ಬರಲು ಹವಾಯಿ ಸಾಕು, ದಿನದ ದುಡಿಮೆಗೆ ಅದು ಸಾಲದು.

ಒಂದು ಮಾತನ್ನು ಮನೆಯ ಗಂಡಸರಿಗೆ ಹೇಳಬೇಕು. ಈದ್ ಬಂದಾಗ ಮಕ್ಕಳಿಗೆ ಬೂಟು, ನಮಗೆ ಹೊಸ ಚಪ್ಪಲಿ ಬರುತ್ತವೆ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲುವವರು ತಾಯಂದಿರು. ಎಲ್ಲರಿಗಿಂತ ತೆಳುವಾದ ಚಪ್ಪಲಿಯೂ ಹೆಚ್ಚಾಗಿ ಅವರದೇ. ಮನೆಯೊಳಗೆ ಅವರು ಬರಿಗಾಲಿನಲ್ಲಿ ಸಿಮೆಂಟು, ಟೈಲ್ಸ್ ನೆಲದ ಮೇಲೆಯೇ ದಿನ ಕಳೆಯುತ್ತಾರೆ. ಹೊರಗೆ ಬಳಸದ, ಶುಚಿಯಾದ, ದಪ್ಪ ಅಟ್ಟೆಯ ಒಂದು ಜೊತೆಯನ್ನು ಅಡುಗೆಮನೆಗೆಂದೇ ತಂದುಕೊಡಿ.

ಸಣ್ಣ ಮೆತ್ತೆಯ ದೊಡ್ಡ ಉಪಯೋಗ

ನೋಯುವ ಜಾಗಕ್ಕೇ ಹತ್ತಿ ಅಥವಾ ಸ್ಪಂಜು ಇಡುವುದು ಹಲವರ ರೂಢಿ. ಅದರಿಂದ ಅಲ್ಲಿನ ಒತ್ತಡ ಹೆಚ್ಚಬಹುದು. ಮೆತ್ತೆ ಇರಬೇಕಾದದ್ದು ನೋವಿನ ಜಾಗಕ್ಕಿಂತ ಸ್ವಲ್ಪ ಹಿಂದೆ, ಹಿಮ್ಮಡಿಯ ಕಡೆಗೆ. ಆಗ ಅದು ಮೂಳೆಗಳನ್ನು ಹಿಂದಿನಿಂದ ಎತ್ತಿ ಹಿಡಿದು ಭಾರವನ್ನು ಹಂಚುತ್ತದೆ. ಜಾಗ ಗುರುತಿಸಲು ಸುಲಭ ಉಪಾಯವಿದೆ. ನೋಯುವ ಚುಕ್ಕೆಗೆ ಒದ್ದೆ ಅರಿಶಿನ ಹಚ್ಚಿ ಚಪ್ಪಲಿಯ ಮೇಲೆ ನಿಲ್ಲಿ. ಅಟ್ಟೆಯ ಮೇಲೆ ಬಿದ್ದ ಗುರುತಿಗಿಂತ ಅರ್ಧದಿಂದ ಒಂದು ಸೆಂಟಿಮೀಟರ್ ಹಿಂದೆ ಮೆತ್ತೆಯ ಮುಂದಿನ ಅಂಚು ಬರಲಿ. ಐದಾರು ಮಿಲಿಮೀಟರ್ ದಪ್ಪದ, ನೀರಹನಿ ಆಕಾರದ ರಬ್ಬರ್ ಮೆತ್ತೆಯನ್ನು ಚಪ್ಪಲಿ ರಿಪೇರಿ ಮಾಡುವವರೇ ಅಂಟಿಸಿಕೊಡುತ್ತಾರೆ. ಮೊದಲ ದಿನ ಒಂದು ಗಂಟೆ ಹಾಕಿಕೊಂಡು, ದಿನದಿನಕ್ಕೆ ಹೆಚ್ಚಿಸುತ್ತಾ ಹೋಗಿ.

ನಮಾಝ್ ಮತ್ತು ಹಜ್ಜ್ ಯಾತ್ರೆಯಲ್ಲಿ

ಅತ್ತಹಿಯ್ಯಾತ್‌ಗೆ ಕುಳಿತಾಗ ಬಲಪಾದವನ್ನು ನಿಲ್ಲಿಸಿ ಬೆರಳುಗಳನ್ನು ಕಿಬ್ಲಾದ ಕಡೆ ಮಡಚುತ್ತೇವೆ. ಸಜ್ದಾದಲ್ಲೂ ಬೆರಳುಗಳ ಬುಡಕ್ಕೆ ಭಾರ ಬೀಳುತ್ತದೆ. ಆರೋಗ್ಯವಂತ ಪಾದಕ್ಕೆ ಇದು ಒಳ್ಳೆಯ ವ್ಯಾಯಾಮ. ಊದಿಕೊಂಡ ಕೀಲಿಗೆ ಮಾತ್ರ ಹಿಂಸೆ. ರೋಗಿಗೆ ಧರ್ಮವು ರಿಯಾಯಿತಿ ಕೊಟ್ಟಿದೆ. ಪಾದವನ್ನು ಮಲಗಿಸಿ ಕುಳಿತುಕೊಳ್ಳುವ ಬಗ್ಗೆ, ಕುರ್ಚಿಯ ಬಗ್ಗೆ ನಿಮ್ಮ ಇಮಾಮ್ ಸಾಹೇಬರನ್ನು ಕೇಳಿಕೊಳ್ಳಿ. ನೋವು ನುಂಗಿಕೊಂಡು ಕೀಲು ಕೆಡಿಸಿಕೊಳ್ಳಬೇಡಿ. ದಪ್ಪನೆಯ ಜಾನಮಾಝ್ ಕೂಡ ನೆರವಾಗುತ್ತದೆ.

ಹಜ್ಜ್, ಉಮ್ರಾಕ್ಕೆ ಹೊರಡುವವರು ಕೇಳಿ. ಸಫಾ-ಮರ್ವಾ ನಡುವಿನ ಏಳು ಸುತ್ತಿನ ಸಈಯೊಂದರಲ್ಲೇ ಸುಮಾರು 3 ಕಿಲೋಮೀಟರ್ ನಡಿಗೆಯಿದೆ. ಇಹ್ರಾಮ್‌ನಲ್ಲಿ ಗಂಡಸರು ಹರಡು ಮುಚ್ಚುವ ಬೂಟು ಹಾಕುವಂತಿಲ್ಲ. ಆದ್ದರಿಂದ ದಪ್ಪ ಅಟ್ಟೆಯ ಚಪ್ಪಲಿಯನ್ನು ಒಂದೆರಡು ತಿಂಗಳು ಮೊದಲೇ ಕೊಂಡು, ಊರಲ್ಲೇ ಮೆಟ್ಟಿ ಪಾದಕ್ಕೆ ಪಳಗಿಸಿಕೊಳ್ಳಿ. ವಿಮಾನ ಹತ್ತುವ ದಿನ ಹೊಸ ಚಪ್ಪಲಿ ಹಾಕುವುದು ಬೊಕ್ಕೆಗಳನ್ನು ಕರೆದಂತೆ.

ಸಕ್ಕರೆ ಕಾಯಿಲೆಯವರಿಗೆ ಎಚ್ಚರಿಕೆ

ನೋವು ಇರುವವರಿಗಿಂತ ನೋವೇ ತಿಳಿಯದವರ ಬಗ್ಗೆ ನನಗೆ ಹೆಚ್ಚು ಚಿಂತೆ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನರಗಳು ಜಡವಾಗುತ್ತವೆ. ಮುಳ್ಳು ಚುಚ್ಚಿದರೂ ಚಪ್ಪಲಿಯ ಮೊಳೆ ಒತ್ತಿದರೂ ಅರಿವಾಗುವುದಿಲ್ಲ. ಹುಣ್ಣು ಹೆಚ್ಚಾಗಿ ಏಳುವುದು ಇದೇ ಬೆರಳುಗಳ ಬುಡದಲ್ಲಿ. ಕಾಲು ಕಳೆದುಕೊಂಡ ಎಷ್ಟೋ ಜನರ ಕಥೆ ಹೀಗೊಂದು ಸಣ್ಣ ಗಾಯದಿಂದಲೇ ಆರಂಭವಾಗಿರುತ್ತದೆ.

ಸ್ಪರ್ಶ ಕಳೆದುಕೊಂಡ ಪಾದಗಳಿಗಾಗಿ ‘ಎಂಸಿಆರ್’ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿಗಳಿವೆ. ಕುಷ್ಠರೋಗಿಗಳ ಪಾದಗಳ ರಕ್ಷಣೆಗೆ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಮತ್ತು ಸಂಗಡಿಗರು ಇಂಥ ಪಾದರಕ್ಷೆಗಳ ಮೇಲೆ ಕೆಲಸ ಮಾಡಿದ್ದರು. ಇಂದು ಅವು ಸಕ್ಕರೆ ಕಾಯಿಲೆಯವರಿಗೂ ಉಪಯೋಗವಾಗುತ್ತಿವೆ. ಇಂಥವರು ಬರಿಗಾಲಿನಲ್ಲಿ ಓಡಾಡಬಾರದು. ಮಸೀದಿಯ ಅಂಗಳ ಬಿಸಿಲಿಗೆ ಕಾದಿದ್ದರೆ ಕಾಲಿಡುವ ಮೊದಲು ಕೈಯಿಂದ ಮುಟ್ಟಿ ನೋಡಿ. ಚಪ್ಪಲಿಯನ್ನು ಕೊಡವಿ ಮೆಟ್ಟಿ. ವುಝೂ ಆದ ಮೇಲೆ ಬೆರಳ ಸಂದುಗಳನ್ನು ಬಟ್ಟೆಯಿಂದ ಒರೆಸಿ ಒಣಗಿಸಿ. ಇಶಾ ಆದ ಮೇಲೆ ಮನೆಯವರಿಂದ ಅಂಗಾಲು ತೋರಿಸಿ ನೋಡಿಸಿಕೊಳ್ಳಿ. ಗಟ್ಟಿ ಚರ್ಮ, ಆಣಿಗಳನ್ನು ಬ್ಲೇಡಿನಿಂದ ಕೆತ್ತಬೇಡಿ, ಆಣಿಯ ಪಟ್ಟಿಯನ್ನೂ ಅಂಟಿಸಬೇಡಿ.

ಮನೆಯಲ್ಲಿ ಮಾಡಬಹುದಾದದ್ದು

ಸಂಜೆ ಹದಿನೈದು ನಿಮಿಷ ಕಾಲು ಎತ್ತರಕ್ಕಿಟ್ಟು ಕುಳಿತುಕೊಳ್ಳಿ. ಊತವಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಡಿ (ಸ್ಪರ್ಶ ಇಲ್ಲದವರಿಗೆ ಬೇಡ). ಊತ ಇಳಿದ ಮೇಲೆ ರೋಗನ್-ಎ-ಬಾಬೂನಾದಿಂದ ಬೆರಳುಗಳ ಕಡೆಯಿಂದ ಹಿಮ್ಮಡಿಯ ಕಡೆಗೆ ಮೆಲ್ಲಗೆ ನೀವಿ. ಗೋಡೆಗೆ ಕೈಯೂರಿ, ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮೀನಖಂಡವನ್ನು ಅರ್ಧ ನಿಮಿಷ ಎಳೆದು ಹಿಡಿಯಿರಿ. ಎರಡೂ ಕಾಲಿಗೆ ಮೂರು ಮೂರು ಸಲ ಮಾಡಿ. ಬಿಗಿಯಾದ ಮೀನಖಂಡವೂ ಭಾರವನ್ನು ಪಾದದ ಮುಂದಕ್ಕೆ ತಳ್ಳುತ್ತದೆ. ಕಳೆ ತೆಗೆಯುವವರು ಕುಕ್ಕರಗಾಲಿನ ಬದಲು ಸಣ್ಣ ಮಣೆ ಬಳಸಲಿ. ಸೂರಂಜಾನ್ ಬೆರೆತ ಔಷಧಿಗಳನ್ನು ಮಾತ್ರ ಕೇಳಿದವರ ಮಾತು ನಂಬಿ ನುಂಗಬೇಡಿ. ಪ್ರಮಾಣ ಮೀರಿದರೆ ಅದು ಜೀವಕ್ಕೇ ಅಪಾಯ.

ವೈದ್ಯರನ್ನು ಯಾವಾಗ ಕಾಣಬೇಕು?

ಹೆಬ್ಬೆರಳ ಬುಡ ರಾತ್ರೋರಾತ್ರಿ ಕೆಂಪಾಗಿ ಊದಿ, ಹೊದಿಕೆ ತಾಗಿದರೂ ತಡೆಯಲಾಗದಿದ್ದರೆ ಅದು ‘ನಿಖ್ರಿಸ್’ ಇರಬಹುದು. ಬಹಳ ನಡೆದ ಮೇಲೆ ಪಾದದ ಮೇಲ್ಭಾಗ ಊದಿ, ಒಂದೇ ಕಡೆ ಮುಟ್ಟಗೊಡದಿದ್ದರೆ ಮೂಳೆ ಸೀಳಿರಬಹುದು, ಎಕ್ಸ್-ರೇ ಬೇಕಾಗುತ್ತದೆ. ಗಾಯ, ಜ್ವರ, ಮರಗಟ್ಟುವಿಕೆ ಇದ್ದರೆ ತಡಮಾಡಬೇಡಿ. ಇವಾವುದೂ ಇಲ್ಲದಿದ್ದರೆ ಚಪ್ಪಲಿ ಬದಲಿಸಿ ಮೂರು ನಾಲ್ಕು ವಾರ ಕಾದು ನೋಡಿ. ಆಗಲೂ ನೋವು ಇಳಿಯದಿದ್ದರೆ ನಿಮ್ಮ ವೈದ್ಯರ ಬಳಿ ಹೋಗಿ. ಹೋಗುವಾಗ ದಿನವೂ ಮೆಟ್ಟುವ ಹಳೆಯ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ. ಅದು ಸವೆದಿರುವ ರೀತಿಯನ್ನು ನೋಡಿಯೇ ಭಾರ ಎಲ್ಲಿ ಬೀಳುತ್ತಿದೆ ಎಂದು ಅರ್ಧ ತಿಳಿಯುತ್ತದೆ.