ಉಸಿರಾಟದ ಯಂತ್ರ ತೋರಿಸುವ ಅಂಕಿಗಳನ್ನು ಓದುವುದು ಹೇಗೆ?

ನಿದ್ರೆಯಲ್ಲಿ ಗಂಟಲಿನ ದಾರಿ ಮುಚ್ಚಿ ಮತ್ತೆ ಮತ್ತೆ ಉಸಿರು ಕಟ್ಟುವ ಕಾಯಿಲೆಗೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಇದಕ್ಕೆ ಕೊಡುವ ಸಿ-ಪ್ಯಾಪ್ ಯಂತ್ರವು ಆಮ್ಲಜನಕದ ಯಂತ್ರವಲ್ಲ. ಕೋಣೆಯ ಗಾಳಿಯನ್ನೇ ಒತ್ತಡದಿಂದ ಮಾಸ್ಕ್ ಮೂಲಕ ಕಳುಹಿಸಿ ಗಂಟಲನ್ನು ತೆರೆದಿಡುತ್ತದೆ. 1981ರಲ್ಲಿ ಆಸ್ಟ್ರೇಲಿಯಾದ ಡಾ. ಕಾಲಿನ್ ಸಲಿವನ್ ಮತ್ತು ಸಂಗಡಿಗರು ಈ ಚಿಕಿತ್ಸೆಯನ್ನು ಮೊದಲು ಪ್ರಕಟಿಸಿದರು. ಈಗಿನ ಹೆಚ್ಚಿನ ಯಂತ್ರಗಳು ರಾತ್ರಿಯ ಲೆಕ್ಕವನ್ನು ಬೆಳಿಗ್ಗೆ ಪರದೆಯ ಮೇಲೆ ತೋರಿಸುತ್ತವೆ.

ತಪಾಸಣೆಗೆ ಬಂದವರು ಮೊದಲು ಹೇಳುವುದು ಎ.ಹೆಚ್.ಐ. ಎಂಬ ಸಂಖ್ಯೆಯನ್ನು. ಗಂಟೆಗೆ ಸರಾಸರಿ ಎಷ್ಟು ಸಲ ಉಸಿರು 10 ಸೆಕೆಂಡು ಅಥವಾ ಹೆಚ್ಚು ಹೊತ್ತು ನಿಂತಿತು ಇಲ್ಲವೇ ಕುಗ್ಗಿತು ಎಂಬುದೇ ಅದು. ದೊಡ್ಡವರಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಸಹಜ, 30 ದಾಟಿದರೆ ತೀವ್ರ. ಯಂತ್ರ ಹಾಕಿದಾಗ 5ರ ಒಳಗೆ ಬರಬೇಕೆಂಬುದು ಸಾಮಾನ್ಯ ಗುರಿ.

ಆದರೆ ಇದೊಂದನ್ನೇ ನೋಡಿ ಸಮಾಧಾನಪಡಬೇಡಿ. ಮೊದಲು ನೋಡಬೇಕಾದದ್ದು ಬಳಸಿದ ಗಂಟೆಗಳನ್ನು. ಮಾಸ್ಕ್ ತೆಗೆದ ಮೇಲೆ ಏನಾಯಿತೆಂದು ಯಂತ್ರಕ್ಕೆ ತಿಳಿಯುವುದಿಲ್ಲ. ಯಂತ್ರವಿಲ್ಲದೆ ಒಬ್ಬರ ಎ.ಹೆಚ್.ಐ. 40 ಇತ್ತು ಎನ್ನೋಣ. ಅವರು 7 ಗಂಟೆ ಮಲಗಿ, 3 ಗಂಟೆ ಮಾತ್ರ ಮಾಸ್ಕ್ ಹಾಕಿದರು. ಪರದೆ 2 ಎಂದು ತೋರಿಸಿತು. ಆ 3 ಗಂಟೆಯಲ್ಲಿ 6 ಸಲ, ಉಳಿದ 4 ಗಂಟೆಯಲ್ಲಿ ಸುಮಾರು 160 ಸಲ ಉಸಿರು ಕಟ್ಟಿರುತ್ತದೆ. ಇಡೀ ರಾತ್ರಿಗೆ ಹಂಚಿದರೆ ಗಂಟೆಗೆ 24ರಷ್ಟು! ಕನಸು ಬೀಳುವ ನಿದ್ರೆ ಬೆಳಗಿನ ಜಾವಕ್ಕೇ ಹೆಚ್ಚು, ಉಸಿರು ಕಟ್ಟುವುದೂ ಅನೇಕರಿಗೆ ಆಗಲೇ ಹೆಚ್ಚು. ನಡುರಾತ್ರಿ ಮಾಸ್ಕ್ ತೆಗೆದಿಡುವವರು ಕಳೆದುಕೊಳ್ಳುವುದು ಆ ಹೊತ್ತನ್ನೇ. ಮನೆಯವರಿಗೆ ಗೊರಕೆ ಮತ್ತೆ ಕೇಳಿಸಿದರೆ ಗಡಿಯಾರ ನೋಡಿ ಬರೆದಿಡಿ. ಆ ಚೀಟಿ ವೈದ್ಯರಿಗೆ ಬಹಳ ಉಪಯುಕ್ತ.

ಎರಡನೆಯದು ಲೀಕ್, ಅಂದರೆ ಗಾಳಿ ಸೋರಿಕೆ. ಸೋರಿಕೆ ಹೆಚ್ಚಿದ್ದರೆ ಎ.ಹೆಚ್.ಐ. ಲೆಕ್ಕವನ್ನೂ ನಂಬುವಂತಿಲ್ಲ. ಬಾಯಿ ತೆರೆದು ಮಲಗುವುದು, ಹಲ್ಲಿನ ಸೆಟ್ ತೆಗೆದಿಡುವುದು, ಗಡ್ಡ, ಮಾಸ್ಕಿನ ಮೆತ್ತೆಗೆ ಹತ್ತಿದ ಎಣ್ಣೆಜಿಡ್ಡು, ಇವೆಲ್ಲ ಕಾರಣಗಳು. ಪಟ್ಟಿಯನ್ನು ಬಿಗಿಯಾಗಿ ಎಳೆದರೆ ಸರಿಹೋಗುತ್ತದೆ ಎಂದುಕೊಳ್ಳುತ್ತಾರೆ. ಅತಿ ಬಿಗಿಯಾದರೆ ಮೆತ್ತೆ ಮಡಚಿಕೊಂಡು ಇನ್ನಷ್ಟು ಸೋರುತ್ತದೆ, ಮೂಗಿನ ಮೇಲೆ ಹುಣ್ಣೂ ಆಗುತ್ತದೆ. ಮಾಸ್ಕಿನ ಸಣ್ಣ ರಂಧ್ರಗಳಿಂದ ಬರುವ ಗಾಳಿ ಮಾತ್ರ ಇರಲೇಬೇಕು. ಬಿಟ್ಟ ಉಸಿರು ಹೊರಹೋಗುವುದು ಅಲ್ಲಿಂದಲೇ, ಅದನ್ನು ಎಂದಿಗೂ ಮುಚ್ಚಬೇಡಿ. ಕೆಲವು ಕಂಪನಿಗಳು ಈ ಗಾಳಿಯನ್ನೂ ಸೇರಿಸಿ ಲೆಕ್ಕ ಕೊಡುತ್ತವೆ. ಆದ್ದರಿಂದ ಪಕ್ಕದ ಮನೆಯವರ ಯಂತ್ರದ ಅಂಕಿಯೊಡನೆ ಹೋಲಿಸಬೇಡಿ.

ಒತ್ತಡದ ಅಂಕಿ ಸಾಮಾನ್ಯವಾಗಿ 4ರಿಂದ 20ರ ನಡುವೆ ಇರುತ್ತದೆ. ಎ.ಹೆಚ್.ಐ. ಏರಿತೆಂದು ನೀವೇ ಒತ್ತಡ ಹೆಚ್ಚಿಸಬೇಡಿ. ಗಂಟಲು ತೆರೆದಿದ್ದರೂ ಮೆದುಳಿನಿಂದ ಸೂಚನೆ ಬಾರದೆ ಉಸಿರು ನಿಲ್ಲುವುದುಂಟು. ಅಂಥವರಿಗೆ ಒತ್ತಡ ಹೆಚ್ಚಿಸಿದರೆ ತೊಂದರೆ ಹೆಚ್ಚಾಗಬಹುದು.

ನೆಗಡಿಯಾದಾಗ, ಅಂಗಾತ ಮಲಗಿದಾಗ, ಮದ್ಯ ಸೇವಿಸಿದಾಗ ಒಂದು ರಾತ್ರಿ ಅಂಕಿ ಏರಬಹುದು. ಗಾಬರಿ ಬೇಡ, ಒಂದೆರಡು ವಾರದ ಲೆಕ್ಕ ನೋಡಿ. ಅಂಕಿ ಸರಿಯಿದ್ದೂ ಹಗಲಲ್ಲಿ ತೂಕಡಿಕೆ ಬರುತ್ತಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಿ. ಅಲ್ಲಿಯವರೆಗೆ ವಾಹನ ಓಡಿಸಬೇಡಿ.

ತಪಾಸಣೆಗೆ ಬರುವಾಗ ಯಂತ್ರ, ಅದರ ಮೆಮೊರಿ ಕಾರ್ಡ್ ಮತ್ತು ವೈರ್ ಜೊತೆಗೆ ಮಾಸ್ಕನ್ನೂ ತನ್ನಿ. ಎಲ್ಲಿ ಸೋರುತ್ತಿದೆ ಎಂಬುದು ನೀವು ಹಾಕಿಕೊಂಡು ಮಲಗಿ ತೋರಿಸಿದಾಗಲೇ ತಿಳಿಯುತ್ತದೆ.